ಬಲತೋಳಿನ ಹುಂಜ

ಗಾಲಿಯಾವ್ ಪೇಟೆ
ಜುಲೈ 4, 1995

ಅಜಿನ್,

ನೀನು ಕ್ಷೇಮವಾಗಿದ್ದೀಯೆಂದು ಭಾವಿಸಿದ್ದೇನೆ. ಭಾವಿಸದೆ ಬೇರೆ ದಾರಿಯಿಲ್ಲ, ನೀನು ಕಾಗದ ಬರೆದು ನಾಲ್ಕು ತಿಂಗಳಾಯಿತು.

ನೇರ ವಿಷಯಕ್ಕೆ ಬರುತ್ತೇನೆ, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನೆ ನಮ್ಮ ಚಾಂದ್ರಮಾನದ ಲೆಕ್ಕದಲ್ಲಿ ಆರನೇ ತಿಂಗಳ ಆರನೇ ದಿನ. ಊರಿನ ಅಷ್ಟೂ ಮನೆಯವರು ಪೆಟ್ಟಿಗೆ ತೆಗೆದು ಬಟ್ಟೆ ಬಿಸಿಲಿಗೆ ಹಾಕಿದ್ದರು. ನಾನೂ ಅಮ್ಮನ ಕರ್ಪೂರದ ಮರದ ಪೆಟ್ಟಿಗೆ ತೆಗೆದೆ. ನೆರಿಗೆ ಲಂಗ ಇತ್ತು, ಕಾಲಿಗೆ ಸುತ್ತುವ ಪಟ್ಟಿ ಇತ್ತು, ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಿದ ಜೋಳಿಗೆಯೂ ಇತ್ತು. ಹುಂಜದ ಅಂಗಿ ಇರಲಿಲ್ಲ. ತಳದವರೆಗೂ ಕೈ ಹಾಕಿದೆ, ಬೇವಿನ ಎಲೆಯ ಪುಡಿ ಬಿಟ್ಟು ಏನೂ ಸಿಗಲಿಲ್ಲ.

ಯಾವ ಅಂಗಿಯೆಂದು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಹೇಳುತ್ತೇನೆ, ಪಟ್ಟಣದ ನೀರು ಕುಡಿದವರಿಗೆ ಮರೆವು ಜಾಸ್ತಿ. ಮದುವೆಗೆ ಮುಂಚೆ ಅಮ್ಮ ಮೂರು ವರ್ಷ ಕೂತು ಹೊಲಿದದ್ದು, ತೋಳಿಗೊಂದರಂತೆ ಒಂಬತ್ತು ಗರಿಯ ಹುಂಜ ಇರುವುದು, "ಇನ್ನು ಇದನ್ನ ಹಾಕ್ಕೊಂಡೇ ಹೋಗೋದು" ಎಂದು ಅವಳು ಎತ್ತಿಟ್ಟಿದ್ದು. ಆ ಅಂಗಿಯಿಲ್ಲದೆ ಅವಳು ಮೇಲೆ ಹೋದರೆ ಬಾಗಿಲಲ್ಲಿ ನಮ್ಮ ಅಜ್ಜಿ ಮುತ್ತಜ್ಜಿಯರು ನಿಂತು "ಯಾರಮ್ಮ ನೀನು, ಯಾರ ಪೈಕಿ?" ಎಂದು ಕೇಳುತ್ತಾರೆ. ಗುರುತು ಹತ್ತದಿದ್ದರೆ ಒಳಗೆ ಬಿಡುವುದಿಲ್ಲ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಮ್ಮಮ್ಮ ಅಲ್ಲೂ ಬೀದಿಯಲ್ಲಿ ನಿಲ್ಲಬೇಕೇ?

ಈಗ ನೀನೇ ಯೋಚಿಸು. ಸಂತೆಯ ದಿನವೆಲ್ಲ ಹೊರಗಿನ ವ್ಯಾಪಾರಿಗಳು ಬಂದು ಹಳೆಯ ಅಂಗಿ ಕೊಳ್ಳುತ್ತಿದ್ದಾರೆ. ಹೊಸವರ್ಷಕ್ಕೆ ನೀನು ಬಂದಿದ್ದೆ, ಕ್ಯಾಮೆರಾ ಹಿಡಿದ ಆ ಗೆಳತಿಯನ್ನೂ ಕಟ್ಟಿಕೊಂಡು ಬಂದಿದ್ದೆ. ಅವಳು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪೆಟ್ಟಿಗೆಯ ಕೋಣೆಯಲ್ಲಿ ಮಲಗಿದವರು ನೀವಿಬ್ಬರೇ. ಮಾರಿದ್ದರೆ ಹೇಳಿಬಿಡು. ಯಾರ ಕೈಗೆ ಹೋಗಿದೆಯೆಂದು ತಿಳಿದರೆ ನಿನ್ನ ಭಾವ ಹೋಗಿ ಕೈಕಾಲು ಹಿಡಿದಾದರೂ ತರುತ್ತಾರೆ. ನಾನು ಬೈಯುವುದಿಲ್ಲ.

ನಿನ್ನ ಅಕ್ಕ,
ಅಬಾವ್

—

ಡೊಂಗ್ವಾನ್
ಜುಲೈ 20, 1995

ಅಕ್ಕ,

"ಬೈಯುವುದಿಲ್ಲ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಊಟದ ಸಾಲಿನಲ್ಲಿ ನಿಂತಲ್ಲೇ ನಕ್ಕುಬಿಟ್ಟೆ. ಹಿಂದಿದ್ದವಳು ನನಗೆ ಮದುವೆ ನಿಶ್ಚಯವಾಯಿತೇನೋ ಎಂದುಕೊಂಡಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮನೆಯಲ್ಲಿ ಒಂದು ಸೌಟು ಕಾಣದಿದ್ದರೂ ನಿನಗೆ ಮೊದಲು ನೆನಪಾಗುವುದು ನಾನೇ. ಗಂಡನನ್ನು ಬಿಟ್ಟು ಬಂದವಳು, ಕಾರ್ಖಾನೆಯಲ್ಲಿ ಚೀಲಕ್ಕೆ ಜಿಪ್ಪು ಹೊಲಿಯುವವಳು, ಅಮ್ಮನ ಕೊನೆಯ ಅಂಗಿಯನ್ನು ಮಾರದೆ ಇರುತ್ತಾಳೆಯೇ! ನನ್ನ ಗೆಳತಿ ತೆಗೆದ ಫೋಟೊಗಳಲ್ಲಿ ಅಂಗಿ ಇಲ್ಲ, ನೀನು ಬಾತುಕೋಳಿ ಅಟ್ಟಿಸಿಕೊಂಡು ಹೋಗುವ ಚಿತ್ರ ಇದೆ. ಕಳಿಸಿಕೊಡುತ್ತೇನೆ.

ಒಂದು ಪ್ರಶ್ನೆ. ಪೆಟ್ಟಿಗೆಯ ಬೀಗದ ಕೈ ಎಲ್ಲಿರುತ್ತದೆ? ಅಮ್ಮನ ಸೊಂಟದಲ್ಲಿ. ಸ್ನಾನಕ್ಕೆ ಹೋದಾಗಲೂ ಬಿಚ್ಚುವುದಿಲ್ಲ. ಬೀಗ ಒಡೆದಿತ್ತೇ? ನೀನು ಬರೆದಿಲ್ಲ, ಅಂದರೆ ಒಡೆದಿರಲಿಲ್ಲ. ಹಾಗಾದರೆ ಸಾವಿರ ಮೈಲಿ ದೂರ ಇರುವ ನನಗೆ ಕಾಗದ ಬರೆಯುವ ಮೊದಲು ಒಲೆಯ ಪಕ್ಕ ಕೂತವಳನ್ನು ಕೇಳಬಾರದಿತ್ತೇ?

ಹಾಗೆಯೇ, ಭಾವ ಈ ವಸಂತದಲ್ಲಿ ತಂದ ಟಿವಿ ಚೆನ್ನಾಗಿ ಕಾಣಿಸುತ್ತದೆಯೇ? ನಾನೂ ಬೈಯುವುದಿಲ್ಲ, ಸುಮ್ಮನೆ ಕೇಳಿದೆ.

ಅಜಿನ್

—

ಗಾಲಿಯಾವ್
ಆಗಸ್ಟ್ 12, 1995

ಅಜಿನ್,

ಟಿವಿಯ ಮಾತು ಓದಿ ನಿನ್ನ ಭಾವ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಹುಳಿ ಮೀನಿನ ಸಾರು ಮಾಡಿದೆ, ಬಂದು ಕೂತರು. ಟಿವಿ ತಂದದ್ದು ಎರಡು ಹಂದಿ ಕೊಟ್ಟು. ಇಡೀ ಕೇರಿ ನೋಡಿದೆ.

ಅಮ್ಮನನ್ನು ಕೇಳಿದೆ. ನಡೆದ ಮಾತನ್ನು ಹಾಗೆಯೇ ಬರೆಯುತ್ತೇನೆ, ನಿನಗೂ ಸ್ವಲ್ಪ ತಲೆ ಚಿಟ್ಟು ಹಿಡಿಯಲಿ.

"ಅಮ್ಮ, ಅಂಗಿ ಎಲ್ಲಿ?"

"ಹೋಗೋ ಕಡೆ ಹೋಗಿದೆ."

"ಯಾರ ಜೊತೆ?"

"ಕಾಲಿದ್ದೋರ ಜೊತೆ."

"ಅಜಿನ್ ತಗೊಂಡ್ಳಾ?"

"ಅವಳಿಗೆ ಈ ತೋಳು ಬಿಗಿ ಆಗುತ್ತೆ."

ಆಮೇಲೆ ಚಿಲುಮೆ ಬಾಯಿಗಿಟ್ಟಳು. ಚಿಲುಮೆ ಬಾಯಿಗೆ ಹೋದ ಮೇಲೆ ಅಮ್ಮನಿಂದ ಮಾತು ಹೊರಡಿಸುವುದು ಬಂಡೆಯಿಂದ ಎಣ್ಣೆ ತೆಗೆದಂತೆ. ಕಣ್ಣಿನ ಪೊರೆ ಬೇರೆ ದಪ್ಪವಾಗಿದೆ. ನನ್ನ ಮುಖ ಕಾಣುವುದಿಲ್ಲ, ಆದರೆ ನಾನು ಸಿಟ್ಟಾಗಿರುವುದು ಮಾತ್ರ ಹೇಗೋ ಕಾಣುತ್ತದೆ. ಕೆಮ್ಮಿದರೆ ರಕ್ತ ಬರುತ್ತಿದೆ. ಆಸ್ಪತ್ರೆಗೆ ಹೋಗೋಣವೆಂದರೆ "ಅವರು ಸೂಜಿ ಚುಚ್ಚೋದು ಕಲಿತಿದ್ದಾರೆ, ಹೊಲಿಯೋದು ಕಲಿತಿಲ್ಲ" ಎನ್ನುತ್ತಾಳೆ. ಈ ಮಾತಿಗೆ ಅರ್ಥ ಏನೆಂದು ನನ್ನನ್ನು ಕೇಳಬೇಡ.

ಜೂನ್‌ನಲ್ಲಿ ಗಾನ್ ಅಜ್ಜಿ ಸತ್ತಾಗಿನಿಂದ ಅವಳಿಗೆ ಜಗಳಕ್ಕೂ ಜನವಿಲ್ಲ. ನಲವತ್ತು ವರ್ಷ ಇಬ್ಬರೂ ಮಾತು ಬಿಟ್ಟಿದ್ದರು, ಡೋಲಿನ ಕುಣಿತದಲ್ಲಿ ಒಬ್ಬಳು ಆ ತುದಿಗಾದರೆ ಇನ್ನೊಬ್ಬಳು ಈ ತುದಿಗೆ. ಒಂಬತ್ತು ಗರಿಯ ಹುಂಜದ ನಮೂನೆ ತನ್ನದು, ಅದನ್ನು ಅಮ್ಮ ಕದ್ದಳು ಎಂದು ಗಾನ್ ಅಜ್ಜಿ ಹೇಳಿಕೊಂಡು ತಿರುಗಿದ್ದು ನಿನಗೂ ಗೊತ್ತು. ಅಂಥವಳ ಕೊನೆಗಾಲದಲ್ಲಿ ಅಮ್ಮ ಆ ಮನೆಯ ಹೊಸ್ತಿಲು ದಾಟಿ ಮೂರು ದಿನ ಅಲ್ಲೇ ಇದ್ದಳು. ಗೆದ್ದೆನೆಂದು ನೋಡಲು ಹೋಗಿದ್ದಾಳೆ ಎಂದುಕೊಂಡೆ. ಬಂದವಳು ನೇರ ಒಲೆಯ ಪಕ್ಕ ಹೋಗಿ ಕೂತಳು.

ನೀನು ಮಾರಿಲ್ಲ ಎನ್ನುವುದಾದರೆ ಸರಿ. ಆದರೂ ಆ ಗೆಳತಿಯನ್ನು ಒಂದು ಮಾತು ಕೇಳು.

ಅಬಾವ್

—

ಗಾಲಿಯಾವ್
ಅಕ್ಟೋಬರ್ 9, 1995

ಅಜಿನ್,

ನನ್ನ ಕೊನೆಯ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು. ಅಂಗಿ ಎಲ್ಲಿಗೆ ಹೋಯಿತೆಂದು ತಿಳಿಯಿತು.

ಮೊನ್ನೆ ಕೊಯ್ಲು ಮುಗಿಸಿ ಹೊಸಕ್ಕಿ ಉಂಡೆವು. ಮಧ್ಯಾಹ್ನ ಗಾನ್ ಅಜ್ಜಿಯ ಮಗ ತಾಂಗ್ಲಿ ಬಂದ. ಒಂದು ಕೈಯಲ್ಲಿ ಗದ್ದೆಯ ಮೀನು, ಇನ್ನೊಂದು ಕೈಯಲ್ಲಿ ಬಾತುಕೋಳಿ, ಹೊಟ್ಟೆಯೊಳಗೆ ಮೂರು ಬಟ್ಟಲು ಮದ್ಯ. ಅಮ್ಮನ ಮುಂದೆ ಮಂಡಿಯೂರಿ ಕೂತು ಗೊಳೋ ಎಂದು ಅಳತೊಡಗಿದ.

"ದೊಡ್ಡಮ್ಮ, ನಿಮ್ಮ ಅಂಗಿ ಮಣ್ಣಿಗೆ ಹಾಕ್ಬಿಟ್ಟೆ. ನಾನು ಮನುಷ್ಯ ಅಲ್ಲ."

"ನೀನು ಮನುಷ್ಯ ಅಲ್ಲ ಅಂತ ನಂಗೆ ಮೊದ್ಲೇ ಗೊತ್ತು, ಬಾಯಿ ಮುಚ್ಚು" ಎಂದು ಅಮ್ಮ ಚಿಲುಮೆಯ ಹಿಡಿಯಿಂದ ತಲೆಗೆ ಕುಟ್ಟಿದಳು. ಅವನು ಬಾಯಿ ಮುಚ್ಚಲಿಲ್ಲ.

ಆದದ್ದಿಷ್ಟು. ತಾಂಗ್ಲಿ ಕಳೆದ ವರ್ಷ ತಾಯಿಯ ಅಂಗಿಯನ್ನು ವ್ಯಾಪಾರಿಗೆ ಕೊಟ್ಟು ಮೋಟಾರು ಬೈಕು ತಂದಿದ್ದ. ಮುದುಕಿಗೆ ಹೇಳಿರಲಿಲ್ಲ. ಉಸಿರು ಹೋಗುವ ಹೊತ್ತಿಗೆ ಅವಳು "ನನ್ನ ಅಂಗಿ ತೆಗೀರೋ" ಎಂದಳಂತೆ. ಇವನು ಪೆಟ್ಟಿಗೆಯ ಮುಂದೆ ಕಲ್ಲಿನ ಹಾಗೆ ನಿಂತ. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಅರ್ಥವಾಯಿತು. ಮನೆಗೆ ಬಂದು ತನ್ನ ಅಂಗಿ ಮಡಿಲಲ್ಲಿ ಕಟ್ಟಿಕೊಂಡು ಹೋಗಿ, "ಇಗೋ ನಿನ್ನ ಅಂಗಿ, ಮುಟ್ಟಿ ನೋಡು" ಎಂದು ಅವಳ ಕೈಗೆ ಕೊಟ್ಟಳು. ಮುದುಕಿ ಹುಂಜವನ್ನು ತಡವಿ ನೋಡಿ ಕಣ್ಣು ಮುಚ್ಚಿದಳು. ಹೆಣಕ್ಕೆ ಬಟ್ಟೆ ತೊಡಿಸಿದ ಇಬ್ಬರು ಹೆಂಗಸರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಸೆಖೆಯ ದಿನವಾದ್ದರಿಂದ ಶವಪೆಟ್ಟಿಗೆಯ ಮುಚ್ಚಳವನ್ನು ಬೇಗ ಹಾಕಿದರು. ನಾನೂ ಆ ಪೆಟ್ಟಿಗೆಯ ಕಾಲ ಬಳಿ ನಿಂತು ಅತ್ತು ಬಂದವಳೇ, ಅಜಿನ್. ಒಳಗಿರುವುದು ನಮ್ಮಮ್ಮನ ಅಂಗಿ ಎಂದು ಗೊತ್ತಿಲ್ಲದೆ ಅತ್ತೆ.

ಅವನು ಹೋದ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು. "ಅಲ್ಲಮ್ಮ, ನಿನ್ನನ್ನ ಕಳ್ಳಿ ಅಂತ ಸಾರಿದೋಳಿಗೆ ಕೊಡೋಕೆ ನಿಂಗೇನು ತಲೆ ಕೆಟ್ಟಿತ್ತಾ? ನಿನ್ನ ಗತಿ ಏನು?" ಎಂದು ಕೂಗಾಡಿದೆ.

ಅಮ್ಮ ಹೇಳಿದ್ದು ಕೇಳು: "ನಮೂನೆ ಅವಳದ್ದು ಅಂತ ನಲವತ್ತು ವರ್ಷ ಅಂದ್ಳು. ವಾಪಸ್ ಕೊಟ್ಟೆ. ಇನ್ನೇನು ಅಂತಾಳೆ?"

"ಅದಿರ್ಲಿ, ನಮೂನೆ ಯಾರದ್ದು?"

"ಅವಳದ್ದೇ" ಎಂದಳು!

ನಾನು ಎದ್ದು ಹೋಗಿ ಬಾತುಕೋಳಿಯ ಪುಕ್ಕ ಕಿತ್ತೆ. ಅಷ್ಟು ಸಿಟ್ಟಿನಲ್ಲಿ ಯಾವ ಬಾತುಕೋಳಿಯ ಪುಕ್ಕವನ್ನೂ ಯಾರೂ ಕಿತ್ತಿರಲಾರರು.

ಈಗ ಮುಂದಿನದು. ಹೊಸ ಅಂಗಿ ಆಗಬೇಕು, ಅಮ್ಮ ಇರುವಾಗಲೇ ಆಗಬೇಕು. ಬಟ್ಟೆ ನನ್ನ ಬಳಿ ಇದೆ, ನೀಲಿಯಲ್ಲಿ ಮುಳುಗಿಸಿ ಮೊಟ್ಟೆಯ ಬಿಳಿ ಬಳಿದು ಕೊಡತಿಯಲ್ಲಿ ಬಡಿದು ಹೊಳಪು ಬಂದದ್ದು. ಅಮ್ಮನ ಕಣ್ಣು ಹೋದರೂ ಕತ್ತರಿ ಹಿಡಿದ ಕೈ ಹೋಗಿಲ್ಲ. ನನ್ನ ಮಗಳು ಶಿಯುವಿನ ಶಾಲೆಯ ಲೆಕ್ಕದ ಪುಸ್ತಕದಿಂದ ಒಂದೇ ಮಗ್ಗುಲು ಬರೆದ ಹಾಳೆಯೊಂದನ್ನು ಹರಿದು, ಮಡಚಿ, ಎರಡು ಹುಂಜವನ್ನು ಒಟ್ಟಿಗೇ ಕತ್ತರಿಸಿಕೊಟ್ಟಿದ್ದಾಳೆ. ಬಿಡಿಸಿದರೆ ಕೊಕ್ಕಿಗೆ ಕೊಕ್ಕು ಕೊಟ್ಟು ಒಂದನ್ನೊಂದು ನೋಡುತ್ತವೆ. ಕೈಗಳನ್ನು ಎದೆಯ ಮೇಲೆ ಇಟ್ಟಾಗಲೂ ಹಾಗೆಯೇ ನೋಡಬೇಕು.

ಬಲತೋಳು ಹಿರಿಮಗಳದು, ನಾನು ಹೊಲಿಯುತ್ತೇನೆ. ಮೇಲೆ ಬಾಗಿಲಲ್ಲಿ ಹಿರಿಯರು ಕೊಡುವ ಬಟ್ಟಲಿಗೆ ಚಾಚುವುದು ಬಲಗೈ, ಅವರು ಮೊದಲು ನೋಡುವುದು ಅದನ್ನೇ, ಆದ್ದರಿಂದ ಕೆಲಸ ಸರಿಯಾಗಿರಬೇಕು. ಎಡತೋಳಿನ ಬಟ್ಟೆ, ಕಾಗದದ ಹುಂಜ, ರೇಷ್ಮೆ ದಾರ ಎಲ್ಲವನ್ನೂ ನಿನಗೆ ಪಾರ್ಸೆಲ್ ಮಾಡಿದ್ದೇನೆ. ಕಾಗದವನ್ನು ಬಟ್ಟೆಗೆ ಅಂಟಿಸಿ ಅದರ ಮೇಲೆ ಹೊಲಿ. ಬರೆದ ಮಗ್ಗುಲು ಕೆಳಕ್ಕೆ, ಖಾಲಿ ಮಗ್ಗುಲು ಮೇಲಕ್ಕೆ. ತಿರುಗಾಮುರುಗಾ ಅಂಟಿಸಿದರೆ ಹುಂಜ ಮುಖ ತಿರುಗಿಸುತ್ತದೆ. ಜಿಪ್ಪು ಹೊಲಿಯುವ ಕೈ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಜುಲೈನಲ್ಲಿ ಬರೆದ ಆ ಮೊದಲಿನ ಕಾಗದವನ್ನು ಒಲೆಗೆ ಹಾಕು.

ಅಬಾವ್

—

ಡೊಂಗ್ವಾನ್
ನವೆಂಬರ್ 5, 1995

ಅಕ್ಕ,

ಇಲ್ಲಿ ಒಲೆಯಿಲ್ಲ. ನಿನ್ನ ಮೊದಲಿನ ಕಾಗದ ನನ್ನ ದಿಂಬಿನ ಕೆಳಗೇ ಇದೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಗಾನ್ ಅಜ್ಜಿಯ ವಿಷಯ ಬಂದಾಗಲೆಲ್ಲ ಅತ್ತೆ. ಆಮೇಲೆ ನೀನು ನನಗೆ ಹೇಳಬೇಕಾಗಿದ್ದ ಒಂದು ಮಾತಿಗಾಗಿ ಹುಡುಕಿದೆ, ಎಲ್ಲೋ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಾದರೂ ಬರೆದಿರುತ್ತೀಯೆಂದು. ಲಕೋಟೆಯನ್ನು ಕೊಡವಿಯೂ ನೋಡಿದೆ. ಬೇವಿನ ಎಲೆಯ ಪುಡಿ ಬಿದ್ದಿತು.

ಪಾರ್ಸೆಲ್ ಬಂತು. ಭಾನುವಾರ ಅರ್ಧ ದಿನ ರಜ. ಎಂಟು ಜನರ ಕೋಣೆ, ನನ್ನದು ಮೇಲಿನ ಮಂಚ, ತಲೆ ಬಗ್ಗಿಸಿಯೇ ಕೂರಬೇಕು. ಹೊಲಿಯಲು ಅದೇ ಸರಿ. ಹೆನಾನಿನ ಹುಡುಗಿಯೊಬ್ಬಳು "ಇದೆಲ್ಲಾ ಮಷಿನ್‌ನಲ್ಲಿ ಹತ್ತು ನಿಮಿಷ ಅಕ್ಕ" ಎಂದಳು. "ನಮ್ಮಜ್ಜಿ ಮಷಿನ್ ಹೊಲಿಗೆ ಕಂಡ್ರೆ ಬಾಗ್ಲು ಹಾಕ್ಕೋತಾಳೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ.

ಬರೆದ ಮಗ್ಗುಲು ಕೆಳಕ್ಕೇ ಅಂಟಿಸಿದ್ದೇನೆ. ಜಿಪ್ಪು ಹೊಲಿಯುವ ಕೈಗೂ ಅಷ್ಟು ತಿಳಿಯುತ್ತದೆ.

ಅಮ್ಮನ ಕೆಮ್ಮು ಹೇಗಿದೆ? ಅದನ್ನು ಬರೆಯದೆ ಬಾತುಕೋಳಿಯ ಪುಕ್ಕದ ವಿಷಯ ಬರೆಯುತ್ತೀಯ.

ಅಜಿನ್

—

ಗಾಲಿಯಾವ್
ಜನವರಿ 16, 1996

ಅಜಿನ್,

ನಿನ್ನ ತೋಳು ಬಂತು. ಹೊಲಿಗೆ ಚೆನ್ನಾಗಿದೆ, ಒಪ್ಪುತ್ತೇನೆ. ನನ್ನದಕ್ಕಿಂತ ಸಣ್ಣ ಹೊಲಿಗೆ. ಖುಷಿಯಿಂದ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ, ಎದೆ ಒಡೆದುಹೋಯಿತು. ಎರಡು ಹುಂಜವೂ ಒಂದೇ ಕಡೆ ನೋಡುತ್ತಿವೆ! ಎರಡೂ ಒಲೆಯ ಕಡೆಗೆ, ಸಾರು ಆಯಿತೇ ಎಂದು ಕೇಳುವವರ ಹಾಗೆ!

ಅಷ್ಟು ಬಿಡಿಸಿ ಬಿಡಿಸಿ ಬರೆದಿದ್ದೆನಲ್ಲೇ! ಬರೆದ ಮಗ್ಗುಲು ಕೆಳಕ್ಕೆ. ಮೂರು ಶಬ್ದ. ಅದಕ್ಕಿಂತ ಸುಲಭವಾಗಿ ಹೇಗೆ ಹೇಳಲಿ? ನಾನು ಅಮ್ಮನ ಮಡಿಲಲ್ಲಿ ಕೂತು ಕಲಿತವಳು, ನನ್ನ ಕೈ ತಪ್ಪುವುದಿಲ್ಲ. ನೀನು ಹುಟ್ಟುವ ಹೊತ್ತಿಗೆ ಅಮ್ಮನಿಗೆ ಕಲಿಸುವಷ್ಟು ಪುರುಸೊತ್ತಿರಲಿಲ್ಲ, ಅದು ನಿನ್ನ ತಪ್ಪಲ್ಲ. ಆದರೆ ಕೇಳಿಸಿಕೊಳ್ಳಬಹುದಿತ್ತು.

ಅಮ್ಮನ ಮುಂದೆ ಹಿಡಿದೆ. ಬೆರಳಿನಲ್ಲಿ ಎರಡನ್ನೂ ಬಾಲದಿಂದ ಕೊಕ್ಕಿನವರೆಗೆ ತಡವಿ, ತಡವಿ, ಆಮೇಲೆ ಕೆಮ್ಮು ಬರುವವರೆಗೂ ನಕ್ಕಳು.

"ಒಂದು ತಪ್ಪಿದೆ" ಎಂದಳು.

"ಅವಳದ್ದು ತಾನೆ?"

"ಯಾವುದನ್ನ ಬಿಚ್ಚಿ ತಿರುಗಿಸಿದ್ರೂ ಜೋಡಿ ಆಗುತ್ತೆ. ಯಾರಿಗೆ ತಾಳ್ಮೆ ಇದೆಯೋ ಅವಳು ಬಿಚ್ಚಲಿ."

ನನ್ನ ತಾಳ್ಮೆ ಜುಲೈನಲ್ಲೇ ಮುಗಿದಿದೆ. ನಿನ್ನ ತೋಳನ್ನು ವಾಪಸು ಕಳಿಸಿದ್ದೇನೆ. ಬಿಚ್ಚಿ ತಿರುಗಿಸಿ ಹೊಲಿ. ಬೇಗ. ಅಮ್ಮ ಈಗ ಅಂಟಕ್ಕಿಯ ಗಂಜಿ ಬಿಟ್ಟು ಬೇರೇನೂ ನುಂಗುವುದಿಲ್ಲ. ಮಹಡಿಗೆ ಹತ್ತುವುದನ್ನು ನಿಲ್ಲಿಸಿದ್ದಾಳೆ.

ಅಬಾವ್

—

ಡೊಂಗ್ವಾನ್
ಫೆಬ್ರವರಿ 11, 1996

ಅಕ್ಕ,

ತೋಳು ಬಂತು. ಬಿಚ್ಚಿದೆ. ಮತ್ತೆ ಹೊಲಿಯುತ್ತಿದ್ದೇನೆ.

ಈ ಸಲ ಮುಂದಿನ ವಾರದ ಹೊಸವರ್ಷಕ್ಕೆ ಬರುವುದಿಲ್ಲ. ರಜೆಯ ಹತ್ತು ದಿನವೂ ಕೋಣೆ ಖಾಲಿ ಇರುತ್ತದೆ, ಬೇಗ ಮುಗಿಯುತ್ತದೆ.

ಅಮ್ಮನಿಗೆ ಹೇಳು, ತಾಳ್ಮೆ ನನಗಿದೆ ಎಂದು.

ಅಜಿನ್

—

ಗಾಲಿಯಾವ್
ಮಾರ್ಚ್ 27, 1996

ಅಜಿನ್,

ಬಂತು. ಈಗ ಜೋಡಿಯಾಯಿತು. ನೀನು ಇಷ್ಟು ಬೇಗ, ಒಂದು ಎದುರುಮಾತೂ ಇಲ್ಲದೆ ಮುಗಿಸಿದ್ದು ನೋಡಿ ನಿನಗೇನಾದರೂ ಜ್ವರ ಬಂದಿದೆಯೇನೋ ಎಂದು ನಿನ್ನ ಭಾವನಿಗೆ ಹೇಳಿದೆ.

ತೋಳುಗಳನ್ನು ಅಂಗಿಗೆ ಸೇರಿಸುವ ಕೆಲಸಕ್ಕೆ ಅಮ್ಮ ನನ್ನನ್ನು ಹತ್ತಿರ ಬಿಡುತ್ತಿಲ್ಲ. ಪಕ್ಕದ ಮನೆಯ ಸೊಸೆ ಓಮೇಯನ್ನು ಕರೆಸಿ, ಬಾಗಿಲು ಹಾಕಿಕೊಂಡು, ಪಿಸಪಿಸ ಎನ್ನುತ್ತಿದ್ದಾಳೆ. ಕೇಳಿದರೆ "ನೀನು ಕೂಗಾಡ್ತೀಯ, ಹೊಲಿಗೆ ಸೊಟ್ಟ ಆಗುತ್ತೆ" ಎನ್ನುತ್ತಾಳೆ. ಕಟ್ಟಿಗೆ ಒಡೆಯುವುದು, ಗಂಜಿ ಕುಡಿಸುವುದು, ಕಫದ ಬಟ್ಟಲು ತೊಳೆಯುವುದು ನಾನು. ಗುಟ್ಟು ಮಾತ್ರ ಓಮೇಯ ಜೊತೆ.

ನಿನ್ನೆ ಅಂಗಿ ಮುಗಿಯಿತಂತೆ. ಮಡಚಿ ದಿಂಬಿನ ಬದಲು ತಲೆಯ ಕೆಳಗಿಟ್ಟುಕೊಂಡಿದ್ದಾಳೆ. "ಹೊರಗಿಟ್ರೆ ಮತ್ತೆ ಯಾರಿಗಾದ್ರೂ ಕೊಟ್ಬಿಡ್ತೀನಿ, ನನ್ನ ಬುದ್ಧಿ ನಂಗೆ ಗೊತ್ತು" ಎಂದಳು.

ಅಜಿನ್, ರಜ ಕೇಳು. ಕೊಡದಿದ್ದರೂ ಬಾ.

ಅಬಾವ್

—

ಗಾಲಿಯಾವ್
ಮೇ 14, 1996

ಅಜಿನ್,

ನೀನು ಬಂದು ಹೋಗಿ ಮೂರು ವಾರವಾಯಿತು. ತಂತಿ ಸಿಕ್ಕಿದ ಕೂಡಲೇ ಹೊರಟೆ, ಎರಡು ದಿನ ರೈಲಿನಲ್ಲಿ ನಿಂತುಕೊಂಡೇ ಬಂದೆ. ನೀನು ಬರುವ ಹೊತ್ತಿಗೆ ಅಮ್ಮನ ಮಣ್ಣಾಗಿತ್ತು. "ಒಂದು ದಿನ ಕಾಯೋಕೆ ಆಗ್ಲಿಲ್ವಾ?" ಎಂದು ನೀನು ಕೂಗಿದೆ. "ದಿನ ಇಟ್ಟಿದ್ದು ನಾನಲ್ಲ, ಸತ್ತೋರಿಗೆ ಹಾದಿ ಹಾಡೋ ಅಜ್ಜ" ಎಂದು ನಾನು ಕೂಗಿದೆ. ಮೂರು ದಿನ ಅದೇ ಕೂಗಾಟ. ನಾಲ್ಕನೆಯ ದಿನ ಗಂಜಿಯನ್ನೂ ಕುಡಿಯದೆ ಬಸ್ಸು ಹತ್ತಿದೆ. ನಿನಗೆ ಹೇಳಬೇಕಾದ ಒಂದು ವಿಷಯ ಆ ಮೂರು ದಿನವೂ ನನ್ನ ಗಂಟಲಲ್ಲೇ ಇತ್ತು. ಎದುರಿಗೆ ಹೇಳಲು ಧೈರ್ಯ ಬರಲಿಲ್ಲ. ಕೂಗಾಡುವುದು ಸುಲಭ, ಅದನ್ನೇ ಮಾಡಿದೆ.

ಅಮ್ಮನನ್ನು ತೊಳೆದಾದ ಮೇಲೆ ತಲೆಯ ಕೆಳಗಿಂದ ಅಂಗಿ ತೆಗೆದು ತೊಡಿಸಲು ಬಿಡಿಸಿದೆ. ನನ್ನ ಹುಂಜ ಎಡತೋಳಿನಲ್ಲಿತ್ತು. ನಿನ್ನದು ಬಲತೋಳಿನಲ್ಲಿ.

ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಅಲ್ಲಿ ಮಲಗಿದ್ದಾಳೆ, ಈ ಓಮೇ ತೋಳನ್ನೇ ಅದಲುಬದಲು ಮಾಡಿಟ್ಟಿದ್ದಾಳೆ! ಅವಳಿಗೆ ಬಾಯಿಗೆ ಬಂದಂತೆ ಬೈದೆ. ಕತ್ತರಿ ತಂದೆ. ಹೆಂಗಸರು "ಬೇಗ ಅಬಾವ್, ಮೈ ಸೆಟೆದುಕೊಳ್ಳುತ್ತೆ, ಆಮೇಲೆ ಕೈ ಮಡಚೋಕಾಗಲ್ಲ" ಎಂದು ಅವಸರ ಮಾಡಿದರು. ಆ ಅವಸರದಲ್ಲಿ ಕತ್ತರಿಯ ತುದಿ ಭುಜದ ಹೊಲಿಗೆಯ ಬದಲು ನನ್ನ ಹುಂಜದ ಜುಟ್ಟಿಗೆ ತಾಗಿ ನಾಲ್ಕು ಎಳೆ ರೇಷ್ಮೆ ಎದ್ದಿತು. ಕೆಳಗಿನ ಕಾಗದ ಕಂಡಿತು.

ಕಾಗದದ ಮೇಲೆ ಬರಹ ಇತ್ತು, ಅಜಿನ್. ಶಿಯುವಿನ ಅಕ್ಷರ. ಏಳೆಂಟ್ಲ ಐವತ್ತನಾಲ್ಕು ಎಂದು ಬರೆದಿದ್ದಾಳೆ, ಅದರ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಪ್ಪು ಎಂದು ಗೀಟು ಹಾಕಿದ್ದಾರೆ.

ಬರೆದ ಮಗ್ಗುಲು ಮೇಲಿತ್ತು. ತಿರುಗಾಮುರುಗಾ ಅಂಟಿಸಿದವಳು ನಾನು. ನಿನ್ನದು ಮೊದಲಿನಿಂದಲೂ ಸರಿಯಾಗಿತ್ತು. ನನ್ನ ಮಾತು ಕೇಳಿ ನೀನು ಸರಿಯಿದ್ದದ್ದನ್ನು ಬಿಚ್ಚಿ ತಿರುಗಿಸಿದೆ. ಈಗ ಎರಡೂ ತಿರುಗಿದ್ದವು. ನನ್ನದನ್ನು ಬಲಕ್ಕೇ ಇಟ್ಟಿದ್ದರೆ ಎರಡು ಹುಂಜವೂ ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುತ್ತಿದ್ದವು, ನಮ್ಮಿಬ್ಬರ ಹಾಗೆ.

ಓಮೇ ಅಳುತ್ತಾ ಹೇಳಿದಳು: "ಅಜ್ಜಿನೇ ಹೀಗೆ ಹಚ್ಚು ಅಂದಿದ್ದು ಅಕ್ಕ. ಹಿರಿಯವಳದ್ದು ಎಡಕ್ಕೆ, ಕಿರಿಯವಳದ್ದು ಬಲಕ್ಕೆ, ಆಗ ಹುಂಜ ಒಂದನ್ನೊಂದು ನೋಡ್ತವೆ ಅಂದ್ರು. ಅಬಾವ್‌ಗೆ ಹೇಳ್ಬೇಡ, ಅವಳ ಮುಖ ಸಣ್ಣದಾಗುತ್ತೆ ಅಂದ್ರು."

ಜನವರಿಯಲ್ಲಿ ಬೆರಳಾಡಿಸಿ ಅಷ್ಟು ನಕ್ಕಳಲ್ಲ, ಆಗಲೇ ಅವಳಿಗೆ ಗೊತ್ತಾಗಿತ್ತು. ತಾಂಗ್ಲಿಯ ಮಾನವನ್ನು ಮುಚ್ಚಿದ ಹಾಗೆ ನನ್ನದನ್ನೂ ಮುಚ್ಚಿದಳು.

ಕತ್ತರಿ ಕೆಳಗಿಟ್ಟೆ. ಎದ್ದಿದ್ದ ಎಳೆಗಳನ್ನು ನಾನೇ ಮತ್ತೆ ಹೊಲಿದೆ, ಅವಸರಕ್ಕೆ ಸೊಟ್ಟಗಾಯಿತು. ಹಾಗೆಯೇ ತೊಡಿಸಿದೆ. ಕೈಗಳನ್ನು ಎದೆಯ ಮೇಲೆ ಮಡಚಿದಾಗ ಎರಡು ಹುಂಜವೂ ಕೊಕ್ಕಿಗೆ ಕೊಕ್ಕು ತಾಗಿಸಿ ಕೂತವು. ಬಾಗಿಲಲ್ಲಿ ಅವಳು ಬಟ್ಟಲಿಗೆ ಕೈ ಚಾಚಿದಾಗ ಹಿರಿಯರು ಮೊದಲು ನೋಡಿದ್ದು ನಿನ್ನ ಹೊಲಿಗೆಯನ್ನು. ಹಾಗಾದದ್ದೇ ಒಳ್ಳೆಯದು, ನನ್ನದಕ್ಕಿಂತ ಸಣ್ಣ ಹೊಲಿಗೆ.

ಅಂಗಿ ಮಾರಿದೆಯೆಂದು ನಿನ್ನ ಮೇಲೆ ಹೊರಿಸಿದ್ದು ತಪ್ಪು. ತೋಳು ತಪ್ಪಿದೆಯೆಂದು ಹೊರಿಸಿದ್ದೂ ತಪ್ಪು. ಅಷ್ಟು ತಪ್ಪಿನ ಮೇಲೆ ನಿನ್ನನ್ನು ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿಸಿದೆ. ನನ್ನನ್ನು ಕ್ಷಮಿಸು.

ಅಬಾವ್

—

ಡೊಂಗ್ವಾನ್
ಜೂನ್ 2, 1996

ಅಕ್ಕ,

ನಿನ್ನ ಕಾಗದ ಬಂದ ದಿನ ಹತ್ತು ಚೀಲಕ್ಕೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದೆ. ಮೇಲ್ವಿಚಾರಕನ ಹತ್ತಿರ ಬೈಸಿಕೊಂಡೆ. ಅದಕ್ಕೂ ನೀನೇ ಕಾರಣ.

ನನಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ರೇಷ್ಮೆ ಬಿಚ್ಚಿ ಕಾಗದ ಸುಲಿದಾಗಲೇ ನೋಡಿದೆ, ಬರಹ ಕೆಳಗಡೆಯೇ ಇತ್ತು. ಮಂಚದ ಮೇಲೆ ಕೂತು ನಿನಗೆ ಉದ್ದದ ಕಾಗದ ಬರೆದೆ. ಎಂಥೆಂಥ ಮಾತು ಬರೆದಿದ್ದೆ ಗೊತ್ತೇ, ಓದಿದ್ದರೆ ನಿನ್ನ ಟಿವಿಯೇ ಒಡೆದುಹೋಗುತ್ತಿತ್ತು. ಆಮೇಲೆ ಹರಿದು ಹಾಕಿದೆ. ನೀನು ನಂಬುತ್ತಿರಲಿಲ್ಲ. ನೀನೊಂದು ಬರೆಯುತ್ತಿದ್ದೆ, ನಾನೊಂದು ಬರೆಯುತ್ತಿದ್ದೆ, ಹೋಗಲು ಹದಿನೈದು ದಿನ, ಬರಲು ಹದಿನೈದು ದಿನ. ನಮಗೆ ಜಗಳಕ್ಕೆ ಪುರುಸೊತ್ತಿತ್ತು, ಅಮ್ಮನಿಗೆ ಅಷ್ಟು ದಿನ ಇರಲಿಲ್ಲ. ಅದಕ್ಕೇ ತಿರುಗಿಸಿ ಹೊಲಿದೆ.

ಹೊಲಿಯುವಾಗ ಅಳು ಬಂತು. ಸಿಟ್ಟಿಗೆ ಬಂತೆಂದು ಬೇರೆ ಹುಡುಗಿಯರಿಗೆ ಹೇಳಿದೆ.

ಬಲತೋಳಿನಲ್ಲಿ ನನ್ನ ಹುಂಜ ಇದೆ ಎಂದು ಗೊತ್ತಿದ್ದರೆ ಒಂದು ದಿನ ತಡವಾಗಿ ಬಂದದ್ದಕ್ಕೆ ಅಷ್ಟು ಕೂಗಾಡುತ್ತಿರಲಿಲ್ಲ. ನಾನು ಮುಟ್ಟುವ ಮೊದಲೇ ಹೊರಟುಹೋದಳು ಎಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡೇ ಹೋಗಿದ್ದಾಳೆ.

ಮೊದಲಿನ ಕಾಗದವನ್ನು ಇವತ್ತು ಸುಟ್ಟೆ, ಕೋಣೆಯ ಹಿಂದೆ, ಪೌಡರ್ ಡಬ್ಬದಲ್ಲಿ.

ಈಗ ಕೇಳು. ನಿನ್ನ ಬಳಿ ಕೊನೆಯ ಅಂಗಿಯಿಲ್ಲ, ನನ್ನ ಬಳಿಯೂ ಇಲ್ಲ. ಇಬ್ಬರೂ ಹೀಗೇ ಹೋದರೆ ಅಮ್ಮ ಬಾಗಿಲಲ್ಲಿ ನಿಂತು ಚಿಲುಮೆ ಸೇದುತ್ತಾ "ಯಾರಮ್ಮ ನೀವು?" ಎಂದರೂ ಎಂದಾಳು. ಹೊಸವರ್ಷಕ್ಕೆ ಬರುತ್ತೇನೆ. ನಿನ್ನ ಅಂಗಿಯ ಒಂದು ತೋಳು ನಾನು ಹೊಲಿಯುತ್ತೇನೆ, ನನ್ನದರ ಒಂದು ತೋಳು ನೀನು ಹೊಲಿ. ಶಿಯುವಿನ ಪುಸ್ತಕದಿಂದ ಹಾಳೆ ಹರಿದು ಮಡಚಿಟ್ಟಿರು. ನನ್ನ ಬಲತೋಳನ್ನು ನಿನಗೇ ಬಿಟ್ಟಿದ್ದೇನೆ.

ಬರೆದ ಮಗ್ಗುಲು ಕೆಳಕ್ಕೆ, ಅಕ್ಕ. ಅಮ್ಮನಾಣೆಗೂ ಕೆಳಕ್ಕೆ.

ನಿನ್ನ ತಂಗಿ,
ಅಜಿನ್